ಹಗ್ಗ ಯಾರದ್ದು?

ಆ ಬಂದರಿನಲ್ಲಿ ಟಗ್ ಬೋಟುಗಳಿಗೆ ಎರಡು ಚರಿತ್ರೆ. ಒಂದು ಕರಿ ಚಿಮಣಿ ಮನೆಯವರು ಹೇಳುವುದು, ಇನ್ನೊಂದು ಕೆಂಪು ಚಿಮಣಿ ಮನೆಯವರು ಹೇಳುವುದು. ಟಗ್ಗಿನ ಚಿಮಣಿಗೆ ಬಳಿದ ಬಣ್ಣವೇ ಆಯಾ ಮನೆತನದ ಹೆಸರು. ಕರಿ ಚಿಮಣಿಯ ಕ್ಯಾಪ್ಟನ್ನನ ಹೆಂಡತಿಗೆ ಎರಡೂ ಬಾಯಿಪಾಠ. ಹುಟ್ಟಿದ್ದು ಕೆಂಪು ಚಿಮಣಿ ಮನೆಯಲ್ಲಿ, ಮದುವೆಯಾಗಿ ಬಂದದ್ದು ಕರಿ ಚಿಮಣಿ ಮನೆಗೆ; ಇನ್ನೇನಾಗುತ್ತೆ? ಚಿಕ್ಕಂದಿನಿಂದ ಒಂದು ಸುಳ್ಳನ್ನು ನಂಬಿಕೊಂಡು ಬೆಳೆದಳು, ಮದುವೆಯಾದ ಮೇಲೆ ಇನ್ನೊಂದು ಸುಳ್ಳನ್ನು ಕೇಳುತ್ತಾ ಕೂತವರಿಗೆಲ್ಲ ಟೀ ಮಾಡಿಕೊಟ್ಟಳು.

ಟಗ್ ಅಂದರೆ ನೋಡಿ, ಮೋಟು ಮೂತಿ, ಅಗಲ ಸೊಂಟ, ಹೊಟ್ಟೆ ತುಂಬಾ ಇಂಜಿನ್. ನಡು ಸಮುದ್ರದಲ್ಲಿ ದರ್ಬಾರು ಮಾಡುವ ಹಡಗುಗಳಿಗೆ ಬಂದರಿನೊಳಗೆ ಬಂದ ಮೇಲೆ ತಿರುಗುವುದಕ್ಕೂ ಬರುವುದಿಲ್ಲ, ನಿಲ್ಲುವುದಕ್ಕೂ ಬರುವುದಿಲ್ಲ. ಈ ಟಗ್ಗುಗಳು ಹಗ್ಗ ಕಟ್ಟಿ ಎಳೆದು, ಮೂತಿ ಒತ್ತಿ ನೂಕಿ, ಅವನ್ನು ದಡಕ್ಕೆ ಸೇರಿಸಬೇಕು.

ತಾತಂದಿರ ಕಾಲದಲ್ಲಿ ಟಗ್ಗುಗಳೆಲ್ಲ ಕಲ್ಲಿದ್ದಲಿನ ಹಬೆಯಲ್ಲಿ ಓಡುತ್ತಿದ್ದವು. ರೇಡಿಯೋ ಇಲ್ಲ, ಫೋನಿಲ್ಲ. ಈ ದಡದ ಮಾಳಿಗೆಯ ಮೇಲೆ ಕರಿ ಚಿಮಣಿ ತಾತ ದುರ್ಬೀನು ಹಿಡಿದು ಕೂತಿರುತ್ತಿದ್ದ, ಆ ದಡದ ಮಾಳಿಗೆಯ ಮೇಲೆ ಕೆಂಪು ಚಿಮಣಿ ತಾತ. ದೂರದಲ್ಲಿ ಹಡಗಿನ ಹೊಗೆ ಕಂಡಿತೋ, ಬಾಯಿಗಿಟ್ಟ ತುತ್ತು ಬಿಟ್ಟು ಇಬ್ಬರೂ ಓಡಬೇಕು. ಯಾರ ಹಗ್ಗ ಮೊದಲು ಹಡಗು ಹತ್ತುತ್ತೋ ಕೆಲಸ ಅವರದು. ಒಂದು ದಿನ ಏನಾಯಿತು, ಇಬ್ಬರ ಹಗ್ಗವೂ ಒಟ್ಟಿಗೇ ಹತ್ತಿತು. ಹಡಗಿನ ಮೂತಿಗೆ ಕರಿ ಚಿಮಣಿ ಹಗ್ಗ, ಹಿಂಬದಿಗೆ ಕೆಂಪು ಚಿಮಣಿ ಹಗ್ಗ. ಇವನು ಈ ಕಡೆ ಎಳೆದ, ಅವನು ಆ ಕಡೆ ಎಳೆದ. ಹಡಗು ಮಾತ್ರ ಇದ್ದಲ್ಲೇ ಇತ್ತು. ಮಧ್ಯಾಹ್ನದವರೆಗೂ ಎಳೆದರು ಅಂತ ಹೇಳುತ್ತಾರೆ. ಹಡಗಿನ ಕಪ್ತಾನ ಡೆಕ್ಕಿನ ಮೇಲೆ ಕುರ್ಚಿ ಹಾಕಿಸಿಕೊಂಡು ತಿಂಡಿ ತಿಂದನಂತೆ, ಅಲ್ಲೇ ಗಡ್ಡವನ್ನೂ ಬೋಳಿಸಿಕೊಂಡನಂತೆ. ಕೊನೆಗೆ ಒಂದು ಹಗ್ಗ ಕಿತ್ತುಹೋಯಿತು. ಇಲ್ಲಿಯವರೆಗೆ ಎರಡು ಮನೆಯವರದೂ ಒಂದೇ ಕಥೆ. ಕಿತ್ತುಹೋದ ಹಗ್ಗ ಯಾರದ್ದು ಅನ್ನುವಲ್ಲಿಂದ ಬೇರೆ ಬೇರೆ.

ಅವತ್ತಿನಿಂದ ಆ ಬಂದರಿನಲ್ಲಿ ಹಗ್ಗ ಅಂದರೆ ಬರೀ ಹಗ್ಗವಲ್ಲ, ಮಾನ. ಒಂದು ಟಗ್ ಕೆಟ್ಟು ನಿಂತಿದೆ ಅನ್ನಿ, ಇನ್ನೊಂದು ಸಹಾಯಕ್ಕೆ ಬಂತು ಅನ್ನಿ. ಬಂದವನು ಮೊದಲು ಕೇಳಬೇಕಾದ ಪ್ರಶ್ನೆ, "ಹಗ್ಗ ಯಾರದ್ದು?" ಕೆಟ್ಟು ನಿಂತವನು ತನ್ನ ಹಗ್ಗವನ್ನೇ ಕೊಟ್ಟರೆ ಅದು ಕೈ ಸಹಾಯ, ಯಾರೂ ಅದರ ಸುದ್ದಿ ಎತ್ತುವ ಹಾಗಿಲ್ಲ. ಬಂದವನ ಹಗ್ಗ ತಗೊಂಡರೆ ಮುಗಿಯಿತು, 'ಎಳೆಸಿಕೊಂಡವನು' ಅಂತ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಅಷ್ಟಕ್ಕೇ ಬಿಡುವುದೂ ಇಲ್ಲ. ಎಳೆಸಿಕೊಂಡ ಟಗ್ಗಿನ ಕ್ಯಾಪ್ಟನ್ನೇ ದಡದಲ್ಲಿ ಆ ಹಗ್ಗ ಬಿಚ್ಚಿ, ಎಲ್ಲರೆದುರು ಮಾಲೀಕನ ಕೈಗಿಟ್ಟು, "ನಿಮ್ಮ ಹಗ್ಗ, ನಿಮ್ಮ ಕೈಗೆ" ಅನ್ನಬೇಕು. ಬೇರೆ ಯಾರೂ ಬಿಚ್ಚುವ ಹಾಗಿಲ್ಲ. ಅಲ್ಲಿಯವರೆಗೆ ಟಗ್ ಆ ದಡ ಬಿಟ್ಟು ಕದಲುವ ಹಾಗಿಲ್ಲ.

ಆಮೇಲೆ ಡೀಸೆಲ್ ಬಂತು, ರೇಡಿಯೋ ಬಂತು, ಯಾವ ಹಡಗಿಗೆ ಯಾವ ಟಗ್ ಅಂತ ಬಂದರಿನ ಆಫೀಸೇ ಹಂಚಿಕೊಡತೊಡಗಿತು. ಓಟ ನಿಂತುಹೋಯಿತು. ಅಪ್ಪಂದಿರ ಕಾಲಕ್ಕೆ ಇನ್ನು ಜಗಳ ಸಾಕು ಅಂತ ಈ ಕ್ಯಾಪ್ಟನ್ನನಿಗೂ ಅವಳಿಗೂ ಮದುವೆ ಮಾಡಿ ಎರಡು ಮನೆ ಸೇರಿಸಿದರು. ಸೇರಿಸಿದರು ಅಂತ ಹೇಳುವುದು, ಅಷ್ಟೇ.

ಮೂರು ವರ್ಷದ ಹಿಂದೆ ಅವಳ ತವರಿನಲ್ಲಿ ಊಟಕ್ಕೆ ಕೂತಿದ್ದಾಗ ಅವಳ ತಮ್ಮ ತಮಾಷೆಗೆ ಒಂದು ಮಾತು ಅಂದ. ಅವನು ಆಗಷ್ಟೇ ಹೊಸ ಟಗ್ ತಂದಿದ್ದ, ಬಾಯಿ ನಿಲ್ಲುತ್ತಿರಲಿಲ್ಲ. "ಭಾವ, ನಿಮ್ಮ ಟಗ್ಗನ್ನ ಇನ್ಮೇಲೆ ಗಾಜಿನ ಪೆಟ್ಟಿಗೇಲಿ ಇಟ್ಬಿಡಿ. ಮಕ್ಕಳು ಬಂದು ನೋಡ್ಕೊಂಡು ಹೋಗ್ತಾರೆ."

ಅಷ್ಟೇ! ಕ್ಯಾಪ್ಟನ್ನನ ಮೂಗಿನ ತುದಿಯಲ್ಲಿ ಯಾವಾಗಲೂ ತಯಾರಾಗಿರುವ ಕೋಪ ಜಿಗಿದು ಹೊರಗೆ ಬಂತು. ಅರ್ಧ ಊಟಕ್ಕೆ ಕೈ ತೊಳೆದು ಎದ್ದ. "ನನ್ನ ಟಗ್ ಇನ್ನು ಈ ದಡ ಮುಟ್ಟೋದಿಲ್ಲ" ಅಂದ. ಮುಟ್ಟಲೂ ಇಲ್ಲ.

ನೀವು ಕೇಳಬಹುದು, ಅವನು ಹೋಗದಿದ್ದರೆ ಅವಳು ಹೋಗಬಹುದಿತ್ತಲ್ಲ, ನಡುವೆ ಇರುವುದು ಒಂದಿಷ್ಟು ಅಗಲದ ನೀರು, ದಿನವಿಡೀ ಫೆರಿ ಓಡಾಡುತ್ತೆ, ಅರ್ಧ ಊರು ತರಕಾರಿಗೆ ಅಂತ ಆಚೆ ಹೋಗಿ ಈಚೆ ಬರುತ್ತೆ ಅಂತ. ಸರಿ, ಕೇಳಿ. ಆದರೆ ಟಗ್ಗಿನ ಮನೆಯ ಹೆಂಗಸು ತವರಿಗೆ ಫೆರಿಯಲ್ಲಿ, ಟಿಕೆಟ್ ತಗೊಂಡು, ತರಕಾರಿ ಚೀಲಗಳ ನಡುವೆ ನಿಂತು ಹೋಗುವುದೆಂದರೆ ಗಂಡನ ಮನೆಯ ಜಗಳವನ್ನು ಬಂದರಿಗೆಲ್ಲ ಸಾರಿದ ಹಾಗೆ. ಅವಳೂ ಕೆಂಪು ಚಿಮಣಿಯವಳೇ ತಾನೇ? ಬಿಗುಮಾನಕ್ಕೇನೂ ಕಡಿಮೆಯಿರಲಿಲ್ಲ. "ಹೋಗೋದಾದ್ರೆ ಹೋಗು, ನಾನೇನು ಬೇಡ ಅಂದ್ನಾ?" ಅಂತ ಗಂಡ ಮುಖ ಊದಿಸಿಕೊಂಡು ಹೇಳಿದಾಗಲೆಲ್ಲ, "ನನಗೇನು ಹೋಗಲೇಬೇಕು ಅಂತಿಲ್ಲ" ಅಂದುಬಿಡುತ್ತಿದ್ದಳು.

ಸುಳ್ಳು. ಹೋಗಲೇಬೇಕು ಅಂತಿತ್ತು. ಅಮ್ಮನಿಗೆ ಮಂಡಿ ಹೋಗಿತ್ತು, ದೋಣಿ ಹತ್ತಲಾರಳು. ಮೊದಲೆಲ್ಲ ಫೋನಿನಲ್ಲಿ ಬಾಯಿತುಂಬಾ ಬೈಯುತ್ತಿದ್ದವಳು ಈಗೀಗ ಒಂದೆರಡು ಮಾತಾಡಿ "ಸರಿ ಇಡ್ತೀನಿ" ಅನ್ನುತ್ತಿದ್ದಳು. ಆ "ಇಡ್ತೀನಿ" ಕೇಳಿದಾಗಲೆಲ್ಲ ಮಗಳು ಕಿಟಕಿಗೆ ಹೋಗಿ ಆಚೆ ದಡ ನೋಡುತ್ತಾ ನಿಲ್ಲುತ್ತಿದ್ದಳು. ಅಮ್ಮ ಇರುವಾಗಲೇ ಅವಳ ಪಕ್ಕ ಹೋಗಿ ಕೂರಬೇಕು. ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ.

ಹೀಗಿರುವಾಗ ಬಂದರಿನ ಆಫೀಸಿಗೆ ಅದ್ಯಾವ ಹುಳ ಹೊಕ್ಕಿತೋ, ಹಳೆಯ ಗೋದಾಮೊಂದನ್ನು ಗುಡಿಸಿ, ಸುಣ್ಣ ಹೊಡೆಸಿ, ಟಗ್ಗುಗಳ ಚರಿತ್ರೆಯ ಬಗ್ಗೆ ಪ್ರದರ್ಶನ ಇಡುವುದು ಅಂತ ತೀರ್ಮಾನವಾಯಿತು. ಬಂದರಿನಲ್ಲಿ ಎಲ್ಲಕ್ಕಿಂತ ಹಳೆಯ ಟಗ್ ಕರಿ ಚಿಮಣಿಯದು. ಆದ್ದರಿಂದ ಉದ್ಘಾಟನೆಯ ದಿನ ಅತಿಥಿಗಳನ್ನು ಅದರಲ್ಲೇ ಕೂರಿಸಿ ಬಂದರು ಸುತ್ತಿಸಬೇಕು, ಕ್ಯಾಪ್ಟನ್ ಮೈಕಿನಲ್ಲಿ ಚರಿತ್ರೆ ಹೇಳಬೇಕು. ಕ್ಯಾಪ್ಟನ್ನನ ಕಾಲು ಅವತ್ತಿನಿಂದ ನೆಲದ ಮೇಲಿರಲಿಲ್ಲ.

ಪ್ರದರ್ಶನದವರು "ನಿಮ್ಮ ತಾತನವರ ಆ ಹಗ್ಗ ಇದ್ದರೆ ಕೊಡಿ" ಅಂತ ಕೇಳಿದರು. ತಾತನ ಹಗ್ಗ ಕೊಳೆತು, ಬೆಂಕಿ ಹಚ್ಚಲು ಬಳಸಿ, ಎಷ್ಟೋ ಕಾಲವಾಗಿತ್ತು. ಆದರೆ ಇಲ್ಲ ಅನ್ನಲು ಈ ಮಹಾರಾಯನಿಗೆ ಬಾಯಿ ಬಂದರೆ ತಾನೇ? ದಿನಾ ಹಡಗು ಎಳೆಯುವ ಹಗ್ಗವನ್ನೇ ಸ್ವಲ್ಪ ಕರಿಎಣ್ಣೆ ಬಳಿದು, ಹೊಗೆಗೆ ಹಿಡಿದು, "ಇದೇ ನೋಡಿ" ಅಂತ ಕೊಟ್ಟು ಕಳಿಸಿದ. ಅದನ್ನು ಗೋದಾಮಿನ ನಡುವೆ ಸುರುಳಿ ಸುತ್ತಿ, ಮುಟ್ಟಬೇಡಿ ಅಂತ ಹಲಗೆ ತೂಗುಹಾಕಿ ಇಟ್ಟರು.

"ರೀ, ಹಗ್ಗ ಇಲ್ಲದೆ ಟಗ್ ಬಿಡ್ತೀರಾ?" ಅಂತ ಅವಳು ಕೇಳಿದಳು.

"ನಾಳೆ ಎಳೆಯೋದು ಹಡಗನ್ನಲ್ಲ ಕಣೇ, ಅತಿಥಿಗಳನ್ನ. ಅವರಿಗ್ಯಾಕೆ ಹಗ್ಗ?" ಅಂತ ಕ್ಯಾಪ್ಟನ್ ನಕ್ಕ. ಟಗ್ಗಿನ ತುಂಬಾ ಬಣ್ಣದ ಬಾವುಟಗಳ ಸರ ಬೇರೆ ಕಟ್ಟಿಸಿದ್ದ, ಮುಂದಿನಿಂದ ಚಿಮಣಿಗೆ, ಚಿಮಣಿಯಿಂದ ಹಿಂದಕ್ಕೆ. ನೈಲಾನ್ ದಾರ, ಕಿತ್ತರೂ ಕೀಳದಂಥದ್ದು.

ಇಂಜಿನ್ ನೋಡಿಕೊಳ್ಳುವ ಮುದುಕ ಕೆಳಗಿನಿಂದ ತಲೆ ಹೊರಗೆ ಹಾಕಿ, "ಆ ಸರದ ತುದಿ ನೀರಿಗೆ ತಾಗ್ತಿದೆ, ಸ್ವಲ್ಪ ಮೇಲೆ ಕಟ್ಸಿ" ಅಂದ.

"ಗಾಳಿಗೆ ಆಡ್ತಾ ಲಕ್ಷಣವಾಗಿದೆ, ಬಿಡಯ್ಯ" ಅಂದ ಕ್ಯಾಪ್ಟನ್. ಮುದುಕ ತಲೆ ಒಳಗೆ ಎಳೆದುಕೊಂಡ. ಅವನು ಒಂದು ಮಾತನ್ನು ಎರಡು ಸಲ ಹೇಳುವ ಪೈಕಿಯವನಲ್ಲ.

ಮರುದಿನ ಬಂದರಿನ ಮೇಲಧಿಕಾರಿ, ಅವರ ಮನೆಯವರು, ಪತ್ರಿಕೆಯವರು, ಬಿಳಿ ಬಟ್ಟೆಯ ಇನ್ನಷ್ಟು ಜನ ಟಗ್ ಹತ್ತಿದರು. ಟಗ್ಗಿನ ಪುಟ್ಟ ಅಡುಗೆಕೋಣೆಯಲ್ಲಿ ಅವಳು ಟೀಗಿಟ್ಟಳು. ಮೇಲೆ ಗಂಡನ ಗಂಟಲು ಮೈಕಿನಲ್ಲಿ ಮೊಳಗುತ್ತಿತ್ತು. ಅದು ತಂತಿಯಿಲ್ಲದ ಮೈಕು, ಅದರ ದನಿ ಹಿಡಿಯುವ ಪೆಟ್ಟಿಗೆ ದಡದ ಗೋದಾಮಿನಲ್ಲಿತ್ತು; ಹೊರಗೆ ಕಂಬಕಂಬಕ್ಕೆ ಕಟ್ಟಿದ ಸ್ಪೀಕರುಗಳಿಂದ ಊರಿಗೂರೇ ಚರಿತ್ರೆ ಕೇಳುತ್ತಿತ್ತು.

"ಆಗ ಕೆಂಪು ಚಿಮಣಿಯವರ ಹಗ್ಗ ಪಟ್ ಅಂತ ಕಿತ್ತುಹೋಯ್ತು! ನಮ್ಮ ತಾತ ತಿರುಗಿ ಕೂಡ ನೋಡಲಿಲ್ಲ!"

'ನೋಡದೆ ಏನು, ನಿಮ್ಮ ತಾತನೇ ಟೋಪಿ ಸಮೇತ ನೀರಿಗೆ ಬಿದ್ದಿದ್ದು' ಅಂತ ಅವಳು ಕೆಳಗೆ ಕಪ್ಪುಗಳನ್ನು ಸಾಲಾಗಿಡುತ್ತಾ ಗೊಣಗಿದಳು. ಅದು ತವರಿನ ಚರಿತ್ರೆ.

"ಅವತ್ತಿನಿಂದ ಇವತ್ತಿನವರೆಗೆ," ಅಂತ ಮೇಲೆ ಗಂಡ ಎದೆಯುಬ್ಬಿಸಿದ್ದು ದನಿಯಲ್ಲೇ ತಿಳಿಯುತ್ತಿತ್ತು, "ಈ ಕರಿ ಚಿಮಣಿ ಇನ್ನೊಬ್ಬರ ಹಗ್ಗ ಮುಟ್ಟಿದ್ದಿಲ್ಲ!"

ಅಷ್ಟರಲ್ಲಿ ಟಗ್ಗಿನ ಹೊಟ್ಟೆಯಲ್ಲಿ ಗರ್ ಅಂತ ಒಂದು ಸದ್ದು. ಆಮೇಲೆ ಗಕ್ ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ. ಕಪ್ಪುಗಳೆಲ್ಲ ಒಟ್ಟಿಗೆ ಜಾರಿ ಗೋಡೆಗೆ ಬಡಿದವು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಟಗ್ಗಿನ ಮನೆಯ ಮಗಳು, ಟಗ್ಗಿನ ಮನೆಯ ಸೊಸೆ. ಇಂಜಿನ್ ನಿಂತರೆ ಅಂಗಾಲಿಗೆ ಗೊತ್ತಾಗುತ್ತಿತ್ತು. ಸೌಟು ಹಿಡಿದುಕೊಂಡೇ ಮೇಲಕ್ಕೆ ಓಡಿದಳು.

ಬಾವುಟಗಳ ಸರ ನೀರಿನೊಳಗೆ ಹೋಗಿ, ಟಗ್ಗನ್ನು ಓಡಿಸುವ ಪಂಖಕ್ಕೆ ಸುತ್ತಿಕೊಂಡಿತ್ತು. ಸುತ್ತಿಕೊಂಡದ್ದು ಅಂತಿಂಥ ರೀತಿಯಲ್ಲಲ್ಲ. ಚಿಮಣಿಯ ಮೇಲಿದ್ದ ಬಾವುಟಗಳೂ ಒಂದೊಂದಾಗಿ ಕೆಳಗಿಳಿದು, ಡೆಕ್ಕಿನ ಮೇಲೆ ಮೆರವಣಿಗೆ ಹೋಗಿ ನೀರಿಗೆ ಬಿದ್ದಿದ್ದವು. ಅತಿಥಿಗಳು ಅದೂ ಕಾರ್ಯಕ್ರಮದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದ್ದರು.

ಇಂಜಿನ್ ಮುದುಕ ತಲೆ ಹೊರಗೆ ಹಾಕಿ ಕ್ಯಾಪ್ಟನ್ನನ ಮುಖ ನೋಡಿದ. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

"ಏನೂ ಆಗಿಲ್ಲ, ಇಲ್ಲಿ ಸ್ವಲ್ಪ ಹೊತ್ತು ನಿಂತು ನೋಟ ಸವಿಯೋಣ" ಅಂತ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ. ನೋಟ ಏನೋ ಚೆನ್ನಾಗಿತ್ತು. ಬಂದರಿನ ಬಾಯಿಯಿಂದ ಒಂದು ಸರಕಿನ ಹಡಗು, ಮೈತುಂಬಾ ಪೆಟ್ಟಿಗೆ ಹೇರಿಕೊಂಡು, ನೇರ ಇವರ ಕಡೆಗೇ ಬರುತ್ತಿತ್ತು. ದೊಡ್ಡ ಹಡಗಿಗೆ ಬ್ರೇಕಿಲ್ಲ. ಹೆದ್ದಾರಿಯಂಥ ಆಳದ ದಾರಿ ಒಂದೇ, ಅದರ ನಟ್ಟನಡುವೆ ಇವರು ನಿಂತಿದ್ದರು. ಹಡಗು ಹಾರ್ನ್ ಹೊಡೆಯಿತು. ಅತಿಥಿಗಳ ಚಪ್ಪಾಳೆ ನಿಂತಿತು.

ಆ ಹಡಗನ್ನು ಕರೆತರಲು ಹೊರಟಿದ್ದ ಟಗ್ ಕೆಂಪು ಚಿಮಣಿಯದು. ಅದು ಹಡಗನ್ನು ಬಿಟ್ಟು ನೀರು ಸೀಳಿಕೊಂಡು ಇತ್ತ ಬಂತು. ಡೆಕ್ಕಿನ ಕಟಕಟೆ ಹಿಡಿದು ತಮ್ಮ ನಿಂತಿದ್ದ. ಮೂರು ವರ್ಷದಲ್ಲಿ ಸ್ವಲ್ಪ ಹೊಟ್ಟೆ ಬಂದಿತ್ತು. ಅಷ್ಟು ಗಾಬರಿಯಲ್ಲೂ ಅವಳಿಗೆ ಅದೇ ಮೊದಲು ಕಂಡದ್ದು.

"ಭಾವಾ! ಹಗ್ಗ ಯಾರದ್ದು?" ಅಂತ ತಮ್ಮ ಕೂಗಿದ. ಜಗಳವಿರಲಿ ಏನೇ ಇರಲಿ, ಪದ್ಧತಿ ಪದ್ಧತಿಯೇ.

"ನಮ್ಮದೇ!" ಅಂತ ಕ್ಯಾಪ್ಟನ್ ಗರ್ಜಿಸಿದ.

"ಸರಿ, ಎಸೀರಿ!"

ಹಗ್ಗ ಗೋದಾಮಿನಲ್ಲಿ, ಮುಟ್ಟಬೇಡಿ ಅನ್ನುವ ಹಲಗೆಯ ಕೆಳಗೆ ಸುಖವಾಗಿ ಮಲಗಿತ್ತು.

"ಎಸೀರಿ ಭಾವಾ!"

"ಹುಡುಕ್ತಿದೀನಿ!"

"ಹಡಗು ಎಳೆಯೋ ಹಗ್ಗ ಹುಡುಕಬೇಕಾ? ಅದೇನು ಸೂಜೀನಾ?"

ಈ ಮಾತುಕತೆಯೆಲ್ಲ ಕಂಬಕಂಬದ ಸ್ಪೀಕರಿನಲ್ಲಿ ಊರಿಗೆ ಹೋಗುತ್ತಿತ್ತು. ಕ್ಯಾಪ್ಟನ್ನನ ಕೈಯಲ್ಲಿ ಮೈಕು ಇದ್ದದ್ದು ಅವನಿಗೇ ಮರೆತುಹೋಗಿತ್ತು, ಬೇರೆಯವರಿಗೆಲ್ಲಿ ನೆನಪಾಗಬೇಕು? ದಡದಲ್ಲಿ ಜನ ಕೆಲಸ ಬಿಟ್ಟು ಸಾಲುಗಟ್ಟಿದರು. ಇದಕ್ಕಿಂತ ಒಳ್ಳೆಯ ಚರಿತ್ರೆ ಅವರಿಗೆ ಯಾವ ಪ್ರದರ್ಶನದಲ್ಲೂ ಸಿಗುತ್ತಿರಲಿಲ್ಲ.

ಕ್ಯಾಪ್ಟನ್ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದ. ಅದರ ಮೇಲಿದ್ದ ತನ್ನದೇ ಬನಿಯನ್ ತೆಗೆಯಲೂ ವ್ಯವಧಾನವಿರಲಿಲ್ಲ. ಬನಿಯನ್ ಸಮೇತ ಎಸೆದ. ತಮ್ಮ ಅದನ್ನು ಮರ್ಯಾದೆಯಿಂದಲೇ ಹಿಡಿದು, ಮರ್ಯಾದೆಯಿಂದಲೇ ಕಟ್ಟಿ, ಸ್ವಲ್ಪ ಎಳೆದ. ಹಗ್ಗ ಪಟ್ಟೆಂದಿತು. ಬನಿಯನ್ ಕೆಂಪು ಚಿಮಣಿಯ ಪಾಲಾಯಿತು.

"ಕಿತ್ತುಹೋದ ಹಗ್ಗ ಯಾರದ್ದು?" ಅಂತ ದಡದಿಂದ ಯಾರೋ ಕೂಗಿದರು. ಜನ ಹೋ ಅಂತ ನಕ್ಕರು.

"ಭಾವಾ, ಕೈ ಮುಗಿತೀನಿ, ನನ್ನ ಹಗ್ಗ ತಗೊಳ್ಳಿ! ಹಡಗು ಬಂತು!"

"ಸತ್ತರೂ ತಗೊಳ್ಳಲ್ಲ!"

"ನೀವು ಸಾಯಿರಿ, ನಮ್ಮನ್ಯಾಕ್ರೀ ಸಾಯಿಸ್ತೀರಾ!" ಅಂತ ಮೇಲಧಿಕಾರಿಯ ಹೆಂಡತಿ ಕಿರುಚಿದರು. ಮೇಲಧಿಕಾರಿ ಆಗಲೇ ಜೀವರಕ್ಷಕ ಕವಚವನ್ನು ತಲೆಕೆಳಗಾಗಿ ತೊಟ್ಟುಕೊಂಡು, ಯಾವುದಾದರೊಂದು ಹಗ್ಗ ತಗೊಳ್ಳಿ, ಇದು ಆಜ್ಞೆ ಅಂತ ಬಡಬಡಿಸುತ್ತಿದ್ದರು. ಹಡಗಿನ ಮೂತಿ ಈಗ ಮನೆಯಷ್ಟು ಎತ್ತರ ಕಾಣುತ್ತಿತ್ತು.

ಅವಳು ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. ಇಬ್ಬರ ತಾತಂದಿರೂ ಆ ಮುಖಗಳಲ್ಲಿ ಕೂತು ಎಳೆದಾಡುತ್ತಿದ್ದರು. ಅವಳಿಗೆ ಇನ್ನಿಲ್ಲದ ಸಿಟ್ಟು ಬಂತು. ಮೂರು ವರ್ಷ ಬಾಯಿ ಮುಚ್ಚಿಕೊಂಡದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು.

"ಏಯ್!" ಅಂದಳು ತಮ್ಮನಿಗೆ. "ನನ್ನ ಕಡೆಗೆ ಎಸಿಯೋ!"

ಎಸೆಯುವ ಹಗ್ಗ ತೆಳ್ಳಗಿರುತ್ತೆ, ತುದಿಯಲ್ಲಿ ಒಂದು ಗಂಟು. ಅದನ್ನು ಹಿಡಿದು ಎಳೆದರೆ ಹಿಂದೆಯೇ ದಪ್ಪ ಹಗ್ಗ ಬರುತ್ತೆ. ತಮ್ಮ ಕೈ ಬೀಸಿದ. ಅವಳು ಸೌಟನ್ನು ಮೇಲಧಿಕಾರಿಯ ಕೈಗೆ ಕೊಟ್ಟು, ಗಾಳಿಯಲ್ಲೇ ಹಗ್ಗ ಹಿಡಿದಳು. ಸರಸರ ಎಳೆದು, ದಪ್ಪ ಹಗ್ಗದ ಕುಣಿಕೆಯನ್ನು ಮುಂದಿನ ಕಬ್ಬಿಣದ ಗೂಟಕ್ಕೆ ತೊಡಿಸಿ, "ಎಳಿ!" ಅಂದಳು. ಚಿಕ್ಕಂದಿನಲ್ಲಿ ಅಪ್ಪ ಅಂಗಳದಲ್ಲಿ ನಿಲ್ಲಿಸಿ ಅಕ್ಕ ತಮ್ಮ ಇಬ್ಬರಿಗೂ ಕಲಿಸಿದ ಕೆಲಸ.

"ಏನೇ ಮಾಡಿದೆ ನೀನು!" ಅಂತ ಕ್ಯಾಪ್ಟನ್ ಮೈಕಿನಲ್ಲೇ ಕೂಗಿದ.

"ನಿಮ್ಮನ್ನ ಉಳಿಸಿದೆ. ಆಮೇಲೆ ಬೈಯಿರಿ."

ಕೆಂಪು ಚಿಮಣಿ ಎಳೆಯಿತು. ಕರಿ ಚಿಮಣಿ ಮೂಗುದಾರ ಹಾಕಿಸಿಕೊಂಡ ಹಾಗೆ ಹಿಂದೆ ಹೊರಟಿತು. ಹಡಗು ಇವರ ಬೆನ್ನ ಹಿಂದೆ ಎಷ್ಟು ಹತ್ತಿರದಲ್ಲಿ ಹಾದುಹೋಯಿತೆಂದರೆ ಅದರ ಮೇಲಿದ್ದವರು ಬಗ್ಗಿ ಇವರ ಟೀ ಕಪ್ಪು ಎಣಿಸಬಹುದಿತ್ತು. ಮೇಲಧಿಕಾರಿ ಸೌಟನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ್ದರು.

ಎಳೆದವನು ತನ್ನ ದಡಕ್ಕೇ ಒಯ್ಯುವುದು ರೂಢಿ. ತಮ್ಮನೂ ಒಯ್ದ. ಅತಿಥಿಗಳು ಇಳಿದರು, ಎಲ್ಲರೂ ಒಳ್ಳೆಯ ಬುದ್ಧಿಯಿಂದ ಫೆರಿ ಹಿಡಿದು ಹೋದರು. ಅವಳು ಜೆಟ್ಟಿಗೆ ಕಾಲಿಟ್ಟವಳು ಯಾರ ಮುಖವನ್ನೂ ನೋಡದೆ ಮನೆಯ ಮೆಟ್ಟಿಲು ಹತ್ತಿದಳು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಮಗಳು ನೆನೆದುಕೊಂಡಿದ್ದಕ್ಕಿಂತ ಅರ್ಧಕ್ಕೆ ಇಳಿದಿದ್ದಳು.

"ಬಂದ್ಯಾ," ಅಂದಳು ಅಮ್ಮ, ಮಗಳು ಅಂಗಡಿಗೆ ಹೋಗಿ ಬಂದ ಹಾಗೆ. "ಬಾಗಿಲು ಮುಂದಕ್ಕೆ ಹಾಕು, ಗಾಳಿ ಬರುತ್ತೆ."

ಅವಳು ಬಾಗಿಲು ಹಾಕಿದಳು. ಆಮೇಲೆ ಅಮ್ಮನ ಮಡಿಲಲ್ಲಿ ಮುಖವಿಟ್ಟು ಹೋ ಅಂತ ಅತ್ತಳು. "ಅಳೋದಾದ್ರೆ ಸರಿಯಾಗಿ ಕೂತ್ಕೊಂಡು ಅಳು, ಮಂಡಿ ನೋಯುತ್ತೆ" ಅಂತ ಅಮ್ಮ ಬೈದಳು. ಆ ಬೈಗುಳ ಕೇಳಿ ಇನ್ನೂ ಜೋರಾಗಿ ಅತ್ತಳು.

ಕೆಳಗೆ ಜೆಟ್ಟಿಯಲ್ಲಿ ಬೇರೆಯದೇ ನಡೆದಿತ್ತು. ಬಂದರಿನ ಟಗ್ಗಿನವರೆಲ್ಲ ಸೇರಿದ್ದರು. ಕ್ಯಾಪ್ಟನ್ ಬಂದು ಹಗ್ಗ ಬಿಚ್ಚಿ, ಭಾವಮೈದನ ಕೈಗಿಟ್ಟು, ಆ ಮಾತು ಹೇಳಬೇಕು. ಕ್ಯಾಪ್ಟನ್ ಡೆಕ್ಕಿನ ಮೇಲೆ ಕೈ ಕಟ್ಟಿ ಕೂತ.

"ಹೇಳಲ್ಲ."

"ಭಾವ, ನಾಲ್ಕು ಮಾತು. ಹೇಳ್ಬಿಟ್ಟು ಮೇಲೆ ಬನ್ನಿ, ಊಟ ತಣ್ಣಗಾಗ್ತಿದೆ."

"ಹಗ್ಗ ನಾನು ತಗೊಂಡಿಲ್ಲ. ತಗೊಂಡವಳು ನಿಮ್ಮಕ್ಕ. ಅವಳ ಕೈಲಿ ಹೇಳಿಸ್ಕೋ."

ಟಗ್ಗಿನವರು ಗುಂಪು ಕಟ್ಟಿ ಚರ್ಚೆ ಮಾಡಿದರು. ಹೆಂಡತಿ ತಗೊಂಡ ಹಗ್ಗ ಗಂಡ ತಗೊಂಡ ಹಾಗೆಯೇ ಅಂತ ಕೆಲವರು, ಅಲ್ಲ ಅಂತ ಕೆಲವರು. ಹೆಂಡತಿ ಕೆಂಪು ಚಿಮಣಿಯವಳೇ ಆದ್ದರಿಂದ ಹಗ್ಗ ಆ ಮನೆಯಿಂದ ಆ ಮನೆಗೇ ಹೋಯಿತು ಅಂತ ಒಬ್ಬ ತಲೆಹರಟೆ ಹೇಳಿ ಎಲ್ಲರಿಂದ ಬೈಸಿಕೊಂಡ. ಕೊನೆಗೆ ಕ್ಯಾಪ್ಟನ್ನೇ ಹೇಳಬೇಕು ಅಂತಾಯಿತು.

"ಹೇಳಲ್ಲ" ಅಂದ ಕ್ಯಾಪ್ಟನ್.

ಮರುದಿನ ಮುಳುಗುಗಾರ ಬಂದು ಪಂಖಕ್ಕೆ ಸುತ್ತಿದ ಬಾವುಟಗಳನ್ನೆಲ್ಲ ಕೊಯ್ದು ತೆಗೆದ. ಇಂಜಿನ್ ಮುದುಕ ಶುರು ಮಾಡಿ ನೋಡಿದ, ಒಳ್ಳೆಯ ಹುಮ್ಮಸ್ಸಿನಲ್ಲಿ ಓಡಿತು. ಹೊರಡಲು ಏನೂ ಅಡ್ಡಿಯಿರಲಿಲ್ಲ, ಕ್ಯಾಪ್ಟನ್ನನ ನಾಲಿಗೆಯೊಂದನ್ನು ಬಿಟ್ಟು. ಬಂದರಿನ ಆಫೀಸು ರೇಡಿಯೋದಲ್ಲಿ "ಕರಿ ಚಿಮಣಿ, ಎಲ್ಲಿದೀರಿ, ಕೆಲಸ ಬಿದ್ದಿದೆ" ಅಂತ ಕರೆಯಿತು. ಮುದುಕ "ಇಲ್ಲೇ ಇದೀವಿ, ಹೇಳಲ್ಲ ಅಂತಿದಾರೆ" ಅಂತ ಉತ್ತರ ಕೊಟ್ಟ.

ಹೀಗೇ ದಿನ ಕಳೆದವು. ಕ್ಯಾಪ್ಟನ್ ಮೆಟ್ಟಿಲು ಹತ್ತಲಿಲ್ಲ, ಟಗ್ಗಿನಲ್ಲೇ ಮಲಗಿದ. ಊಟ ಮೇಲಿನಿಂದ ಹೋಗುತ್ತಿತ್ತು, ತಟ್ಟೆ ಖಾಲಿಯಾಗಿ ತೊಳೆದು ಮೇಲೆ ಬರುತ್ತಿತ್ತು. ಸಂಜೆ ತಮ್ಮ ಜೆಟ್ಟಿಯ ಅಂಚಿನಲ್ಲಿ ಟೀ ಹಿಡಿದು ಕೂರುತ್ತಿದ್ದ, ಕ್ಯಾಪ್ಟನ್ ಡೆಕ್ಕಿನ ಮೇಲೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಕ್ಯಾಪ್ಟನ್ ಇಂಜಿನ್ ಮುದುಕನಿಗೆ ಹೇಳುವ ಹಾಗೆ, ಹೊಸ ಟಗ್ಗಿನ ಇಂಜಿನ್ ಸದ್ದು ಒಂದು ಸ್ವಲ್ಪ ಒರಟಾಗಿದೆ, ಎಣ್ಣೆ ಬದಲಾಯಿಸಬೇಕು ಅಂತ ಗಟ್ಟಿಯಾಗಿ ಅನ್ನುತ್ತಿದ್ದ. ತಮ್ಮ ಗಾಳಿಗೆ ಹೇಳುವ ಹಾಗೆ, ಯಾವ ಎಣ್ಣೆ ಅಂತ ಕೇಳುತ್ತಿದ್ದ. ಕ್ಯಾಪ್ಟನ್ ಮುದುಕನಿಗೆ ಉತ್ತರ ಹೇಳುತ್ತಿದ್ದ. ಇವರ ನಡುವೆ ಸಿಕ್ಕಿ ಮುದುಕನಿಗೆ ಸಾಕಾಗಿ ಹೋಯಿತು.

ಮೇಲೆ ತಾಯಿ ಮಗಳಿಗೆ ಬಿಡುವೇ ಇಲ್ಲ. ಅವಳು ಅಮ್ಮನ ಉಗುರು ಕತ್ತರಿಸಿದಳು, ತಲೆ ಬಾಚಿದಳು, ಕಪಾಟು ಓರಣ ಮಾಡಿದಳು. ಯಾರು ಸತ್ತರು, ಯಾರಿಗೆ ಮಗುವಾಯಿತು, ಯಾರು ಯಾರ ಜೊತೆ ಮಾತು ಬಿಟ್ಟರು ಎಲ್ಲ ಕೇಳಿದಳು. ಫೋನಿನಲ್ಲಿ ಎರಡು ಮಾತಿಗೆ ಸುಸ್ತಾಗುತ್ತಿದ್ದ ಅಮ್ಮ ಈಗ ಬಾಯಿ ಮುಚ್ಚುತ್ತಿರಲಿಲ್ಲ. ಫೋನು ಹಿಡಿದರೆ ಕೈ ನೋಯುತ್ತಿತ್ತಂತೆ, ಅದಕ್ಕೇ ಇಡ್ತೀನಿ ಅನ್ನುತ್ತಿದ್ದಳಂತೆ. "ಅಷ್ಟು ಹೇಳೋಕೇನಾಗಿತ್ತಮ್ಮ ನಿನಗೆ?" ಅಂತ ಮಗಳು ರೇಗಿದರೆ, "ನೀನು ಬಂದು ನೋಡೋಕೇನಾಗಿತ್ತು?" ಅಂತ ಅಮ್ಮ ತಿರುಗಿಸಿ ಕೊಟ್ಟಳು. ಮಗಳು ಆ ನೋಯುವ ಕೈ ತಗೊಂಡು ಎಣ್ಣೆ ತಿಕ್ಕತೊಡಗಿದಳು.

ಇಷ್ಟು ಸುಖದಲ್ಲೂ ಅವಳಿಗೆ ಒಂದು ಮುಜುಗರ. ಗಂಡನ ಹಟದಿಂದಲೇ ತನಗೆ ಈ ದಿನಗಳು ಸಿಕ್ಕಿವೆ ಅಂತ ಗೊತ್ತಿತ್ತು. ಆದರೆ ಬಂದರಿಗೆ ಬಂದರೇ ನಗುತ್ತಿತ್ತು. ಫೆರಿಯವರು ದಾರಿ ಬದಲಿಸಿ, ಜೆಟ್ಟಿಯ ಹತ್ತಿರ ನಿಧಾನ ಮಾಡಿ, ಪ್ರಯಾಣಿಕರಿಗೆ ಕ್ಯಾಪ್ಟನ್ನನನ್ನು ತೋರಿಸತೊಡಗಿದ್ದರು. ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಇಳಿದು ಹೋಗಿ ಟಗ್ ಹತ್ತಿದಳು. ಗಂಡ ಅಡುಗೆಕೋಣೆಯಲ್ಲಿ ತನ್ನ ಅಂಗಿಗೆ ತಾನೇ ಗುಂಡಿ ಹೊಲಿಯುತ್ತಾ ಕೂತಿದ್ದ.

"ರೀ, ಸಾಕು ನಿಮ್ಮ ನಾಟಕ. ಆ ನಾಲ್ಕು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಕ್ಯಾಪ್ಟನ್ ಸೂಜಿಗೆ ಕಣ್ಣು ನೆಟ್ಟೇ ಹೇಳಿದ, "ಹೇಳೋಕೇನಂತೆ. ಮೊನ್ನೆಯಿಂದ ನಾಲಿಗೆ ತುದೀಲೇ ಇದೆ."

"ಮತ್ತೆ?"

"ಹೇಳಿದ ತಕ್ಷಣ ಹೊರಡಬೇಕಲ್ಲ. ನಿನ್ನ ಮಾತೆಲ್ಲ ಮುಗೀತಾ ನಿಮ್ಮಮ್ಮನ ಜೊತೆ?"

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.

"ಇದಕ್ಕೆ ಇಷ್ಟೆಲ್ಲ ಯಾಕ್ರೀ? ಇನ್ನೊಂದೆರಡು ದಿನ ಇದ್ದು ಹೋಗ್ತೀವಿ ಅಂತ ನೆಟ್ಟಗೆ ಹೇಳಿದ್ರೆ ಬೇಡ ಅಂತಾರಾ?"

"ಮೂರು ವರ್ಷ ಬರದೇ ಇದ್ದೋನು ಯಾವ ಮುಖ ಇಟ್ಕೊಂಡು ಇರ್ತೀನಿ ಅಂತ ಕೇಳ್ಲಿ?" ಕ್ಯಾಪ್ಟನ್ ಹಲ್ಲಿನಿಂದ ದಾರ ಕತ್ತರಿಸಿದ. "ಜಗಳ ಆಡ್ತಾ ಕೂತಿದ್ರೆ ಯಾಕೆ ಇನ್ನೂ ಹೋಗಿಲ್ಲ ಅಂತ ಯಾರೂ ಕೇಳಲ್ಲ."

ಅವಳು ಅವನ ಕೈಯಿಂದ ಅಂಗಿ ಕಿತ್ತುಕೊಂಡು ನೋಡಿದಳು. ಗುಂಡಿಯನ್ನು ಕಾಜಾ ಇರುವ ಕಡೆಗೇ ಹೊಲಿದಿದ್ದ. ಕಣ್ಣು ಮಂಜಾಯಿತು, ನಗುವೂ ಬಂತು.

"ಅಮ್ಮನಿಗೆ ಇನ್ನೂ ತುಂಬಾ ಹೇಳೋದಿದೆಯಂತೆ" ಅಂದಳು.

"ಹೂಂ, ಸರಿ."

ಕ್ಯಾಪ್ಟನ್ ಎದ್ದು ಟೋಪಿ ಸರಿಮಾಡಿಕೊಂಡು ಡೆಕ್ಕಿಗೆ ಹೋದ. ಜೆಟ್ಟಿಯ ಮೇಲೆ ತಮ್ಮ ನೀರಿನ ಕಡೆ ಮುಖ ಮಾಡಿ ಟೀ ಕುಡಿಯುತ್ತಿದ್ದ. ಕ್ಯಾಪ್ಟನ್ ಎರಡು ದಡಕ್ಕೂ ಕೇಳುವ ಹಾಗೆ ಗಂಟಲು ಹರಿದುಕೊಂಡು ಕೂಗಿದ:

"ಲೋ ಭಾವಮೈದ! ಇವತ್ತೂ ಹೇಳಲ್ಲ ಕಣೋ!"